ತಟ್ಟೆ ಎಣಿಸುವ ಆಟ

ನನ್ನ ತಮ್ಮ ತೆಗೆದ ಸಿನಿಮಾ ನೋಡಿ ನಾನು ವಾಂತಿ ಮಾಡಿಕೊಂಡೆ. ಮಾತಿಗೆ ಹಾಗೆ ಹೇಳುತ್ತಿಲ್ಲ, ನಿಜವಾಗಿಯೂ ಮಾಡಿಕೊಂಡೆ. ಇಂಟರ್ವಲ್ಲಿಗೆ ಇನ್ನೂ ಹತ್ತು ನಿಮಿಷವಿದ್ದಾಗ ಎದ್ದು, ಸಾಲಿನಲ್ಲಿ ಕೂತವರ ಕಾಲು ತುಳಿದುಕೊಂಡು ಹೊರಗೆ ಓಡಿ, ಥಿಯೇಟರಿನ ಹೆಂಗಸರ ಟಾಯ್ಲೆಟ್ಟಿನಲ್ಲಿ ಬೇಸಿನ್ನಿನ ಎರಡೂ ಅಂಚು ಹಿಡಿದುಕೊಂಡು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಪಕ್ಕದ ಬೇಸಿನ್ನಿನ ಮುಂದೆ ಒಬ್ಬಳು ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಗಾಗಿತ್ತು. ಇಂಥ ಅಪ್ಪ ಎಷ್ಟು ಜನಕ್ಕೆ ಸಿಗ್ತಾನೆ ಹೇಳಿ ಅಂತ ನನ್ನನ್ನೇ ಕೇಳಿದಳು. ನಾನು ಬಾಯಿ ಮುಕ್ಕಳಿಸಿ ಉಗಿದೆ. ಅದೇ ನನ್ನ ಉತ್ತರ ಅಂತ ಪಾಪ ಅವಳಿಗೆ ಗೊತ್ತಾಗಲಿಲ್ಲ.

ಆಮೇಲೆ ಮುಖ ತೊಳೆದುಕೊಂಡು ಒಳಗೆ ಹೋಗಿ ಕೊನೆಯ ಹೆಸರು ಪರದೆಯಿಂದ ಇಳಿಯುವವರೆಗೂ ಹಲ್ಲು ಕಚ್ಚಿ ಕೂತೆ. ಸಿನಿಮಾದ ನಡುವೆ ಎದ್ದು ಮನೆಗೆ ಹೋಗುವುದು ನನ್ನಿಂದಾಗದ ಕೆಲಸ. ಅದು ನಮ್ಮ ಭಾನುವಾರದ ಕಟ್ಟಳೆ, ಮೈಗೆ ಹತ್ತಿಬಿಟ್ಟಿದೆ.

ಭಾನುವಾರದ ಕಟ್ಟಳೆ ಏನು ಅಂತ ಹೇಳುತ್ತೇನೆ. ನಾನು ಸೋಫಾ ರಿಪೇರಿ ಅಂಗಡಿಯಲ್ಲಿ ಕವರು ಹೊಲಿಯುವವಳು. ಹದಿನೇಳು ವರ್ಷದಿಂದ ಅದೇ ಮೆಷಿನ್ನು, ಅದೇ ಸ್ಟೂಲು. ಅಂಗಡಿ ಮೇಸ್ತ್ರಿಯದು. ಭಾನುವಾರ ಗಿರಾಕಿಗಳಿಗೆ ಬಾಗಿಲಿಲ್ಲ, ಆದರೆ ಬೆಳಿಗ್ಗೆ ಹತ್ತಕ್ಕೆ ಶಟರು ಅರ್ಧ ಎತ್ತಿರುತ್ತದೆ. ಅದರಡಿ ಬಗ್ಗಿ ಒಳಗೆ ಬರುವವರೆಲ್ಲ ಸಿನಿಮಾ ಹುಚ್ಚರು. ಕೂರುವುದಕ್ಕೆ ನಮಗೇನು ಬರವೇ? ಯಾರ್ಯಾರ ಮನೆಯದೋ ಸೋಫಾಗಳು ಹೊಟ್ಟೆ ಹರಿದುಕೊಂಡು ಸಾಲಾಗಿ ನಿಂತಿರುತ್ತವೆ. ಸ್ಪ್ರಿಂಗು ಮೇಲೆದ್ದ ಕಡೆ ಮೀಟರು ಕೂರುತ್ತಾನೆ. ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವುದು ಅವನ ಕೆಲಸ. ಯಾವ ಸಿನಿಮಾ ಎಷ್ಟು ನಿಮಿಷ, ಯಾವ ಹಾಡು ಎಷ್ಟು ನಿಮಿಷ ಅನ್ನುವುದೂ ಅವನ ನಾಲಿಗೆಯ ತುದಿಯಲ್ಲಿರುತ್ತದೆ. ಹೊಸ ಸ್ಪಂಜು ಹಾಕಿದ ಕಡೆ ನರ್ಸಮ್ಮ. ಇಪ್ಪತ್ತೈದು ವರ್ಷ ಆಸ್ಪತ್ರೆಯಲ್ಲಿ ಗಾಯ ತೊಳೆದು ಬ್ಯಾಂಡೇಜು ಕಟ್ಟಿದ ಹೆಂಗಸು, ಮೆತ್ತನೆಯ ಜಾಗ ಅವಳಿಗೇ ಸಲ್ಲಬೇಕು ಅಂತ ನಾವೆಲ್ಲ ಒಪ್ಪಿದ್ದೇವೆ. ಮೇಸ್ತ್ರಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ನಾನು ನನ್ನ ಸ್ಟೂಲಿನ ಮೇಲೆ. ಅವರೆಲ್ಲ ನನ್ನನ್ನು ಸೂಜಿಯಕ್ಕ ಅನ್ನುತ್ತಾರೆ. ಹೊಲಿಯುತ್ತೇನೆ ಅಂತಲ್ಲ, ನನ್ನ ಬಾಯಿ ಹಾಗಿದೆ ಅಂತ.

ಒಬ್ಬೊಬ್ಬರೂ ಆ ವಾರ ನೋಡಿದ ಸಿನಿಮಾ ಹೇಗಿತ್ತು ಅಂತ ಹೇಳಬೇಕು. ನಡುವೆ ಎದ್ದು ಬಂದವರಿಗೆ ಬಾಯಿ ತೆರೆಯುವ ಹಕ್ಕಿಲ್ಲ. ಹೊಗಳುವವರು ಹೊಗಳಲಿ, ಬೈಯುವವರು ಬೈಯಲಿ, ಆದರೆ ಏಳುವ ಮೊದಲು ಪ್ರತಿಯೊಬ್ಬರೂ ಆ ಸಿನಿಮಾ ಹೇಳಿದ ಒಂದು ಸುಳ್ಳನ್ನು ಹಿಡಿದು ತೋರಿಸಬೇಕು. ಇದು ಮೇಸ್ತ್ರಿಯಿಂದ ಶುರುವಾದದ್ದು. ಯಾವುದೋ ಸಿನಿಮಾದಲ್ಲಿ ಒಂದು ಹೊತ್ತಿನ ಊಟಕ್ಕೂ ಗತಿಯಿಲ್ಲದ ಮನೆಯೊಳಗೆ ಅಪ್ಪಟ ಚರ್ಮದ ಸೋಫಾ ಇಟ್ಟಿದ್ದರಂತೆ. ಇಡೀ ಥಿಯೇಟರು ಬಿಕ್ಕುತ್ತಿದ್ದರೆ ಇವನೊಬ್ಬ ಆ ಸೋಫಾದ ಹೊಲಿಗೆ ನೋಡಿಕೊಂಡು ಹಲ್ಲು ಕಡಿಯುತ್ತಿದ್ದನಂತೆ. ಅಂದಿನಿಂದ ನಾವೆಲ್ಲ ಸುಳ್ಳಿನ ಬೆನ್ನು ಹತ್ತಿದೆವು. ಹೀರೋಗೆ ಹಾಕಿದ ಡ್ರಿಪ್ಪಿನ ಬಾಟಲಿ ಅವನ ಎದೆಗಿಂತ ಕೆಳಗೆ ತೂಗುತ್ತಿತ್ತು, ಔಷಧಿಯೇನು ಮೇಲಕ್ಕೆ ಹತ್ತುತ್ತದೆಯೇ ಅಂತ ನರ್ಸಮ್ಮ. ಊರಿಗೆಲ್ಲ ಕರೆಂಟು ಹೋದ ದೃಶ್ಯದಲ್ಲಿ ಹಿಂದೆ ಫ್ರಿಜ್ಜಿನ ದೀಪ ಉರಿಯುತ್ತಿತ್ತು ಅಂತ ಮೀಟರು. ಬಟ್ಟೆ ಹೊಲಿದು ಮಕ್ಕಳನ್ನು ಸಾಕುವ ನಾಯಕಿ ಎರಡು ಹಾಡು ಪೂರ್ತಿ ಮೆಷಿನ್ನು ತುಳಿದಳು, ಸೂಜಿಗೆ ದಾರವೇ ಇರಲಿಲ್ಲ ಅಂತ ನಾನು. ಇಂಥ ಸುಳ್ಳು ಹಿಡಿಯುವುದರಲ್ಲಿ ನಾವು ಎತ್ತಿದ ಕೈ.

ಈಗ ತಮ್ಮನ ಸಿನಿಮಾಗೆ ಬರುತ್ತೇನೆ. ಕಥೆ ಒಬ್ಬ ಸಿಟಿ ಬಸ್ ಡ್ರೈವರನದು. ನಮ್ಮಪ್ಪನೂ ಅದೇ. ಪೋಸ್ಟರಿನ ಮೇಲೇ ಬರೆಸಿದ್ದಾನೆ, ನನ್ನ ತಂದೆಯ ನಿಜವಾದ ಕಥೆ ಅಂತ. ಅಪ್ಪ ಸತ್ತಾಗ ಅವನಿಗೆ ಆರು ವರ್ಷ, ನನಗೆ ಹದಿನಾಲ್ಕು. ಡಿಪೋದಲ್ಲೇ ಎದೆ ಹಿಡಿದುಕೊಂಡು ಬಿದ್ದ. ಬಸ್ಸಿನ ಒಳಗೆ ಅವನಂಥ ಮನುಷ್ಯನಿಲ್ಲ. ಮುದುಕಿಯೊಬ್ಬಳು ಎರಡೂ ಕಾಲು ನೆಲಕ್ಕೆ ಇಡುವ ತನಕ ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ, ಇದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ನಾಲ್ಕು ಗಂಟೆಗೆ ಡ್ಯೂಟಿ ಮುಗಿಸಿ ನಮ್ಮ ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಬೇರೆಯೇ ಪ್ರಾಣಿ. ಊಟ ಆರಿದೆ ಅಂತ ತಟ್ಟೆ ಎಸೆಯುತ್ತಿದ್ದ, ಬಿಸಿ ಇದೆ ಅಂತ ತಟ್ಟೆ ಎಸೆಯುತ್ತಿದ್ದ. ಎಸೆಯುತ್ತಿದ್ದದ್ದು ಗೋಡೆಗಲ್ಲ, ಅಮ್ಮನಿಗೆ. ಮೊದಲು ಪಿಂಗಾಣಿಯವು ಇದ್ದವು. ಎಲ್ಲ ಒಡೆದ ಮೇಲೆ ಅಮ್ಮ ಸ್ಟೀಲಿನವು ತಂದಳು. ಅವು ಒಡೆಯುತ್ತಿರಲಿಲ್ಲ, ಏಟು ಮಾತ್ರ ಜಾಸ್ತಿ.

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದ ಕೂಡಲೇ ನಾನು ತಮ್ಮನನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ, ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಅವನಿಗೆ ಮೂರೋ ನಾಲ್ಕೋ ವರ್ಷ. ಹೆದರಿ ನಡುಗುತ್ತಿದ್ದ. ಏನಾದರೂ ಹೇಳಬೇಕಲ್ಲ. ಅಪ್ಪ ಅಮ್ಮ ಆಟ ಆಡ್ತಿದ್ದಾರೆ ಕಣೋ, ಎಷ್ಟು ತಟ್ಟೆ ಬೀಳುತ್ತೆ ಎಣಿಸು, ಸರಿಯಾಗಿ ಎಣಿಸಿದ್ರೆ ನೀನು ಗೆದ್ದೆ ಅಂದೆ. ಅವನು ಎಣಿಸಿದ. ಒಂದು, ಎರಡು. ಐದರವರೆಗೆ ಎಣಿಸಲು ಅವನು ಕಲಿತದ್ದೇ ಹಾಗೆ. ಆಮೇಲೆ ಅಮ್ಮನ ಕೆನ್ನೆ ಊದಿಕೊಂಡಾಗ ಅಮ್ಮನಿಗೆ ಹಲ್ಲುನೋವು ಅಂದೆ, ಅಮ್ಮನೂ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಹೌದು ಮಗ, ಹಲ್ಲುನೋವು ಅಂದಳು. ಅಪ್ಪ ಸತ್ತ ಮೇಲೂ ನಿಲ್ಲಿಸಲಿಲ್ಲ. ಸತ್ತವನ ಬಗ್ಗೆ ಈ ಮಗುವಿಗೆ ಯಾಕೆ ಹೇಳಬೇಕು ಅಂತ ನಾವಿಬ್ಬರೂ ಕೂಡಿಕೊಂಡು ಒಂದು ಒಳ್ಳೆಯ ಅಪ್ಪನನ್ನು ಮಾಡಿ ಅವನ ಕೈಗೆ ಕೊಟ್ಟೆವು.

ಆ ಅಪ್ಪನನ್ನು ಅವನು ಈಗ ಪರದೆಯ ಮೇಲೆ ತಂದಿದ್ದಾನೆ. ಇಂಟರ್ವಲ್ಲಿಗೆ ಮುಂಚಿನ ದೃಶ್ಯ ಅದು. ಡ್ರೈವರಪ್ಪ ಕೆಲಸದಿಂದ ಬರುತ್ತಾನೆ, ಹೆಂಡತಿಯತ್ತ ನೋಡಿ ಕಣ್ಣು ಹೊಡೆಯುತ್ತಾನೆ, ಒಂದೊಂದೇ ತಟ್ಟೆ ಮೇಲಕ್ಕೆಸೆದು ನೆಲಕ್ಕೆ ಬೀಳಿಸುತ್ತಾನೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಬಾಗಿಲ ಹಿಂದೆ ಕೂತ ಪುಟ್ಟ ಹುಡುಗ ಎಣಿಸುತ್ತಾನೆ. ಅವನ ಜೊತೆಗೆ ಥಿಯೇಟರು ಪೂರ್ತಿ ಎಣಿಸಿತು. ಮುನ್ನೂರು ಜನ, ಗಂಡಸರು, ಹೆಂಗಸರು, ತೊಡೆಯ ಮೇಲಿನ ಮಕ್ಕಳು ಕೂಡ, ಒಂದು, ಎರಡು, ಮೂರು. ನಾಲ್ಕು ಅನ್ನುವಾಗ ನಾನು ಎದ್ದು ಓಡಿದೆ. ಇಂಥ ಹೇಸಿಗೆಯನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ, ಮತ್ತು ಅದು ನಾನೇ ಹೆತ್ತ ಹೇಸಿಗೆ.

ಇದು ಶುಕ್ರವಾರದ ಮಾತು, ನಾನೊಬ್ಬಳೇ ಹೋಗಿದ್ದೆ. ಭಾನುವಾರ ಅಂಗಡಿಗೆ ಹೋದರೆ ಮೂವರೂ ಅದೇ ಸಿನಿಮಾ ನೋಡಿಕೊಂಡು ಬಂದು ಕೂತಿದ್ದರು. ಮೀಟರು ಮೊದಲು ಒಂದು ಪೊಲೀಸು ಸಿನಿಮಾಗೆ ಮಂಗಳಾರತಿ ಎತ್ತಿದ. ಎರಡೂವರೆ ಗಂಟೆ, ಅದರಲ್ಲಿ ನಲವತ್ತು ನಿಮಿಷ ಹೀರೋ ನಡೆಯುವುದೇ, ಅದೂ ನಿಧಾನವಾಗಿ. ಇಷ್ಟು ನಿಧಾನ ನಡೆದರೆ ಕಳ್ಳ ಮದುವೆಯಾಗಿ ಮಕ್ಕಳು ಮಾಡಿಕೊಂಡಿರುತ್ತಾನೆ ಅಂದ. ನರ್ಸಮ್ಮ ಒಂದು ದೆವ್ವದ ಸಿನಿಮಾದ ಮಾತೆತ್ತಿದಳು, ದೆವ್ವಕ್ಕಿಂತ ನಾಯಕಿಯ ಮೇಕಪ್ಪೇ ಹೆದರಿಸಿತಂತೆ. ಎಲ್ಲ ಮಾಮೂಲಿನಂತೆಯೇ ಇತ್ತು. ಆಮೇಲೆ ಮೂವರೂ ನನ್ನ ಕಡೆ ತಿರುಗಿ ತಮ್ಮನ ಸಿನಿಮಾ ಶುರು ಮಾಡಿದರು.

ಎರಡು ಗಂಟೆ ಹನ್ನೊಂದು ನಿಮಿಷದಲ್ಲಿ ಒಮ್ಮೆಯೂ ಗಡಿಯಾರ ನೋಡಲಿಲ್ಲವಂತೆ ಮೀಟರು. ಆ ಮನೆಯ ಕುರ್ಚಿ ಸರಿಯಾಗಿ ಎಡಗೈ ಹತ್ತಿರವೇ ಸವೆದಿತ್ತು, ಗೇರು ಹಾಕುವವನ ಕೈ ಮನೆಯಲ್ಲೂ ಸುಮ್ಮನಿರುವುದಿಲ್ಲ, ಎಂಥ ಸೂಕ್ಷ್ಮ ಅಂದ ಮೇಸ್ತ್ರಿ. ಕೈ ಸುಮ್ಮನಿರುವುದಿಲ್ಲ ಅನ್ನುವುದು ನನಗೆ ಹೇಳಿಕೊಡಬೇಕೇ? ನಾನು ಕೆಳಗೆ ನೋಡಿಕೊಂಡು ಡೊಂಕು ಸೂಜಿಗೆ ದಾರ ಪೋಣಿಸುತ್ತಿದ್ದೆ. ನರ್ಸಮ್ಮನಂತೂ ಕರಗಿ ನೀರಾಗಿದ್ದಳು. ಆ ಹಲ್ಲುನೋವಿನ ದೃಶ್ಯಗಳನ್ನು ಕಣ್ಣಾರೆ ಕಂಡವರೇ ತೆಗೆದಿರಬೇಕು, ಬಾವು ಎಲ್ಲಿ ಬರುತ್ತದೆ, ಬಣ್ಣ ಹೇಗೆ ತಿರುಗುತ್ತದೆ, ಬಾಯಿ ಬಿಡಲಾಗದೆ ಹಾಲನ್ನು ಹೇಗೆ ಹೀರುತ್ತಾರೆ, ಒಂದೂ ತಪ್ಪಿಲ್ಲ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ವಾರಕ್ಕೆ ನಾಲ್ಕು ಹೆಂಗಸರು ಇಂಥದೇ ಮುಖ ಹೊತ್ತು ಇವಳ ಮುಂದೆ ಬಂದು ಮೆಟ್ಟಿಲಿಂದ ಬಿದ್ದೆ ಅನ್ನುತ್ತಾರೆ, ಅವರ ಸುಳ್ಳು ತನಗೆ ಬಾಗಿಲಲ್ಲೇ ಗೊತ್ತಾಗುತ್ತದೆ ಅಂತ ನಮ್ಮ ಹತ್ತಿರ ಜಂಬ ಕೊಚ್ಚಿಕೊಂಡವಳು ಇವಳೇ. ಸಿನಿಮಾ ಅಂದ ಕೂಡಲೇ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಾರೋ ಏನೋ.

ಕೊನೆಗೆ ಮೇಸ್ತ್ರಿ ಸುಳ್ಳು ಕೇಳಿದ. ಮೀಟರು ಯೋಚಿಸಿ ಇಲ್ಲ ಅಂದ. ನರ್ಸಮ್ಮ ಇಲ್ಲ ಅಂದಳು. ಮೇಸ್ತ್ರಿಯೂ ತನಗೆ ಸಿಗಲಿಲ್ಲ ಅಂದ. ಸುಳ್ಳೇ ಇಲ್ಲದ ಸಿನಿಮಾ ಇದೇ ಮೊದಲು ಅಂತ ಮೂವರೂ ಚಪ್ಪಾಳೆ ತಟ್ಟಿದರು. ನಿನ್ನದು ಏನು ಸೂಜಿಯಕ್ಕ ಅಂದರು. ನಾನಿನ್ನೂ ನೋಡಿಲ್ಲ ಅಂದೆ. ನೋಡದವರು ಬಾಯಿ ಬಿಡುವ ಹಾಗಿಲ್ಲವಲ್ಲ, ಆ ಕಟ್ಟಳೆಯ ಹಿಂದೆ ಅವಿತುಕೊಂಡೆ. ಸ್ವಂತ ತಮ್ಮನ ಸಿನಿಮಾ ನೋಡದವಳು ಅಂತ ಚೆನ್ನಾಗಿ ಉಗಿಸಿಕೊಂಡೆ. ಮುಂದಿನ ಭಾನುವಾರ ಅವನನ್ನು ಕರೆಸಬೇಕು, ಆ ತಾಯಿಯನ್ನೂ ಕರೆಸಬೇಕು, ಅಂಥ ಗಂಡನ ಜೊತೆ ಬಾಳಿದ ಅವರ ಬಾಯಿಂದಲೇ ಎರಡು ಮಾತು ಕೇಳಬೇಕು ಅಂತ ಅವರವರೇ ತೀರ್ಮಾನ ಮಾಡಿಬಿಟ್ಟರು.

ತಮ್ಮನಿಗೆ ಇದು ಬೇಕಾಗಿಯೇ ಇತ್ತು. ಮೇಸ್ತ್ರಿಯಿಂದ ವಿಷಯ ತಿಳಿದು ಅಂದು ಸಂಜೆಯೇ ಫೋನು ಮಾಡಿದ. ಸಿನಿಮಾ ಚೆನ್ನಾಗಿದೆ ಅಂತ ಎಲ್ಲ ಹೇಳುತ್ತಿದ್ದರೂ ದೊಡ್ಡ ಸಿನಿಮಾ ಬರುತ್ತಿದೆ ಅಂತ ಇನ್ನೆರಡು ವಾರದಲ್ಲಿ ಥಿಯೇಟರಿನಿಂದ ತೆಗೆಯುತ್ತಾರಂತೆ. ಅಮ್ಮ ಆ ಸೋಫಾಗಳ ನಡುವೆ ಕೂತು, ನನ್ನ ಗಂಡ ಹೀಗೇ ಇದ್ದರು ಅಂತ ಹೇಳುವುದನ್ನು ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದರೆ ಜನ ಬರುತ್ತಾರೆ ಅಂದ. ಅವನ ಗಂಟಲಲ್ಲಿ ಅಂಥ ಸಂತೋಷ ನಾನು ಕೇಳಿರಲಿಲ್ಲ. ಒಂಬತ್ತು ವರ್ಷ ಬೇರೆಯವರ ಸಿನಿಮಾಗಳಲ್ಲಿ ಬೈಸಿಕೊಂಡು ದುಡಿದು ಈ ಒಂದನ್ನು ಮಾಡಿದ್ದಾನೆ. ಒಳ್ಳೆಯ ಹುಡುಗ, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಹೆಂಡತಿಗೆ ಗದರಿ ಮಾತಾಡಿದ್ದನ್ನೂ ನಾನು ಕಂಡಿಲ್ಲ. ಅಪ್ಪನ ಹಾಗೆ ಇರಬೇಕು ಅಂತ ನನಗಾಸೆ ಅಕ್ಕ ಅಂತ ಒಂದು ಸಲ ಹೇಳಿದ್ದ, ಆಗಲೂ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಆ ವಾರ ಪೂರ್ತಿ ನನ್ನ ಹೊಲಿಗೆ ಡೊಂಕು. ಒಂದು ದಿವಾನಿನ ಕವರನ್ನು ಎರಡು ಸಲ ಬಿಚ್ಚಿದೆ. ಬಾಯಿ ಬಿಟ್ಟರೆ ತಮ್ಮನಿಂದ ಅಪ್ಪನನ್ನು ಕಿತ್ತುಕೊಂಡ ಹಾಗೆ. ಬಿಡದಿದ್ದರೆ ಅಮ್ಮ ಹೋಗಿ, ತಟ್ಟೆ ಎಸೆದವನಿಗೆ ಊರ ಮುಂದೆ ಸರ್ಟಿಫಿಕೇಟು ಕೊಟ್ಟು ಬರಬೇಕು. ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟು ಅಮ್ಮನ ಮನೆಗೆ ಹೋದೆ.

ಅಮ್ಮ ಕಿಟಕಿಯ ಪಕ್ಕ ಪೇಪರು ಹಾಸಿಕೊಂಡು ಕಾಲಿನ ಉಗುರು ಕತ್ತರಿಸಲು ಹೆಣಗುತ್ತಿದ್ದಳು. ಬಗ್ಗಲಾಗುವುದಿಲ್ಲ ಅವಳಿಗೆ. ನಾನು ಕತ್ತರಿ ಕಿತ್ತುಕೊಂಡು ಅವಳ ಬಲಗಡೆ ಕೂತೆ, ಎಡಗಿವಿ ಕೇಳಿಸುವುದಿಲ್ಲ. ಸಿನಿಮಾ ಅವಳು ಮೊದಲ ದಿನವೇ ಮಗನ ಪಕ್ಕ ಕೂತು ನೋಡಿದ್ದಳು. ಹೇಗಿತ್ತು ಅಂತ ಅವತ್ತು ಕೇಳಿದ್ದಕ್ಕೆ, ಒಳಗೆ ತುಂಬ ಚಳಿ, ಸ್ವೆಟರು ತಗೊಂಡು ಹೋಗಬೇಕಿತ್ತು ಅಂದಿದ್ದಳು, ಅಷ್ಟೇ.

ನಾಳೆ ನೀನು ಬರಬೇಡ, ಕಾಲುನೋವು ಅಂತ ನಾನು ಹೇಳುತ್ತೇನೆ ಅಂದೆ.

"ಇನ್ನೊಂದು ಹಲ್ಲುನೋವಾ?" ಅಂದಳು ಅಮ್ಮ.

ಅವಳು ಸಿಟ್ಟಿನಲ್ಲಿ ಅಂದದ್ದಲ್ಲ. ತರಕಾರಿಯವನು ಬಂದನಾ ಅಂತ ಕೇಳುವ ಹಾಗೆ ಕೇಳಿದಳು. ಹಾಗಾದರೆ ಅಲ್ಲಿ ಕೂತು ಅಪ್ಪ ಹೀಗೇ ಇದ್ದ ಅಂತ ಹೇಳುತ್ತೀಯಾ ಅಂತ ನಾನು ರೇಗಿದೆ. ಅವಳು ಇನ್ನೊಂದು ಕಾಲು ಚಾಚಿದಳು.

"ಅವನಿಗೆ ಗೊತ್ತಾದ್ರೆ ಸತ್ತೇ ಹೋಗ್ತಾನಮ್ಮ," ಅಂದೆ.

"ನಾನು ಸತ್ತೆನಾ?" ಅಂದಳು.

ಉಗುರುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ ಮನೆಗೆ ಬಂದೆ.

ಭಾನುವಾರ ಮೇಸ್ತ್ರಿ ಶಟರನ್ನು ಪೂರ್ತಿ ಎತ್ತಿಸಿದ್ದ. ವಯಸ್ಸಾದವರು ಬಗ್ಗಬಾರದು ಅಂತ. ಒಂದು ಹೊಸ ಸೋಫಾದ ಪ್ಲಾಸ್ಟಿಕ್ಕು ಬಿಚ್ಚಿ, ಅಮ್ಮನನ್ನು ಅದರ ನಡುವೆ ಕೂರಿಸಿದರು. ನರ್ಸಮ್ಮ ಹೂವಿನ ಗುಚ್ಛ ತಂದಿದ್ದಳು, ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಮ್ಮ ಸ್ಪಂಜಿನ ರಾಶಿಯ ಮೇಲೆ ಫೋನು ನಿಲ್ಲಿಸಿ, ಬೆಳಕು ನೋಡಿ, ಮತ್ತೆ ಸರಿಪಡಿಸಿ, ಶುರು ಮಾಡೋಣ ಅಂದ. ಮೂವರೂ ಒಬ್ಬರಾದ ಮೇಲೊಬ್ಬರು ಹೋದವಾರ ಹೇಳಿದ್ದನ್ನೇ ಇನ್ನಷ್ಟು ಬೆಣ್ಣೆ ಹಚ್ಚಿ ಹೇಳಿದರು. ಮೀಟರು ತಟ್ಟೆಯ ದೃಶ್ಯ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ತಾನು ಎರಡನೇ ಸಲ ಹೋಗಿ ಎಣಿಸಿ ಬಂದೆ ಅಂದ. ತಮ್ಮ ನಾಚಿಕೊಂಡು ನಗುತ್ತಿದ್ದ. ನಾನು ಸ್ಟೂಲಿನ ಮೇಲೆ ಕೂತು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಏನೂ ಗೊತ್ತಾಗುತ್ತಿರಲಿಲ್ಲ.

ಆಗ ಮೇಸ್ತ್ರಿಗೆ ಎಲ್ಲಿಲ್ಲದ ಹುರುಪು ಬಂತು. ನಮ್ಮ ಅಂಗಡಿಯ ಕಟ್ಟಳೆ ವಿವರಿಸಿ, ನಮಗೆ ಯಾರಿಗೂ ಸಿಗಲಿಲ್ಲ, ನೀವಾದರೂ ಒಂದು ಸುಳ್ಳು ಹಿಡಿಯಿರಿ ನೋಡೋಣ ಅಂತ ಅಮ್ಮನನ್ನು ಕೇಳಿದ. ಎಲ್ಲರೂ ನಕ್ಕರು.

ಅಮ್ಮ ಹೂವಿನ ಗುಚ್ಛವನ್ನು ಪಕ್ಕಕ್ಕೆ ಇಟ್ಟಳು. "ಒಂದೇ ಹೇಳ್ಬೇಕಾ?" ಅಂದಳು. ಮತ್ತೆ ನಕ್ಕರು.

"ಕಥೆ ಅಂತ ಇವನ ಹೆಸರು ಬಂತು. ಇವನದಲ್ಲ ಅದು. ನನ್ನ ಮಗಳು ಹೇಳಿದ್ದು, ನಾನು ಹೌದು ಹೌದು ಅಂದಿದ್ದು." ಆಮೇಲೆ ತಮ್ಮನ ಕಡೆ ತಿರುಗಿ ಅದೇ ದನಿಯಲ್ಲಿ ಮುಂದುವರಿಸಿದಳು. "ನಿಮ್ಮಪ್ಪ ತಟ್ಟೆ ಎಸೀತಿದ್ದದ್ದು ನನ್ನ ಮೇಲೆ ಮಗ. ಆಟ ಅಲ್ಲ. ನೀನು ಹೆದರ್ತೀಯ ಅಂತ ನಿಮ್ಮಕ್ಕ ಎಣಿಸೋಕೆ ಹೇಳಿದ್ಲು. ನನಗೆ ಯಾವತ್ತೂ ಹಲ್ಲುನೋವು ಬಂದಿಲ್ಲ. ಈ ಕಿವಿ ಹೋಗಿದ್ದೂ ಅವನ ಕೈಯಿಂದ. ನಾನು ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ ಅಂತ ತೋರಿಸಿದ್ದೀಯ. ನಿನ್ನ ತಪ್ಪಲ್ಲ. ಆದ್ರೆ ಅದನ್ನ ಹೌದು ಅಂತ ಇನ್ನೊಂದು ಸಲ ನನ್ನ ಬಾಯಲ್ಲಿ ಹೇಳಿಸಬೇಡ."

ತಮ್ಮನ ಮುಖದಲ್ಲಿ ಆ ನಾಚಿಕೆಯ ನಗು ಇನ್ನೂ ಹಾಗೇ ಅಂಟಿಕೊಂಡಿತ್ತು, ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಫೋನು ತನ್ನ ಪಾಡಿಗೆ ಹಿಡಿಯುತ್ತಲೇ ಇತ್ತು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ಮೊದಲು ಬಾಯಿ ಬಿಟ್ಟವನು ಮೀಟರು. ತಗ್ಗಿದ ದನಿಯಲ್ಲಿ, ತುಂಬ ಗೌರವದಿಂದ, "ಇದು ಅದಕ್ಕಿಂತ ಚೆನ್ನಾಗಿದೆ ಅಲ್ವಾ?" ಅಂದ. "ಇಂಟರ್ವಲ್ಲಿಗೆ ಸರಿಯಾಗಿ ಇದನ್ನ ತಂದು ನಿಲ್ಲಿಸಿದ್ರೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಆದರೆ ಮೇಸ್ತ್ರಿ ತಲೆಯಾಡಿಸುತ್ತಿದ್ದ. ಮೊದಲರ್ಧ ಹೀಗೇ ಇರಲಿ, ಎರಡನೇ ಅರ್ಧದಲ್ಲಿ ಬಾಗಿಲ ಆಚೆಗೆ ಏನಾಗುತ್ತಿತ್ತು ಅಂತ ತೋರಿಸಿದರೆ ಜನ ಕುರ್ಚಿಯಿಂದ ಏಳುವುದಿಲ್ಲ ಅಂದ. ಅವರ ಕಣ್ಣಲ್ಲಿ ನೀರಿತ್ತು, ಅದೇ ಇನ್ನೂ ಅಸಹ್ಯ. ನನ್ನ ತಾಯಿ ಮೂವತ್ತು ವರ್ಷ ನುಂಗಿಕೊಂಡದ್ದನ್ನು ಉಗುಳಿದರೆ ಇವರು ಅದರ ಟಿಕೆಟು ಹರಿಯುತ್ತಿದ್ದರು. ನಾನು ಕತ್ತರಿಯನ್ನು ಮೇಜಿಗೆ ಕುಕ್ಕಿದೆ. ಏಳಿ, ಎದ್ದು ಆಚೆ ನಡೀರಿ, ಇಲ್ಲಿ ಸಿನಿಮಾ ಮುಗಿಯಿತು ಅಂದೆ. ಅಂಗಡಿ ತನ್ನದು ಅನ್ನುವುದನ್ನೂ ಮರೆತು ಮೇಸ್ತ್ರಿ ಎಲ್ಲರಿಗಿಂತ ಮೊದಲು ಹೊರಟ. ಮೀಟರು ಅವನ ಹಿಂದೆ. ನರ್ಸಮ್ಮ ಮಾತ್ರ ಅಮ್ಮನ ಎಡಗಡೆ ಒಂದು ಕ್ಷಣ ನಿಂತಳು. ಏನೋ ಹೇಳಿದಳು, ಅಮ್ಮನಿಗೆ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳದೆ ತಲೆ ತಗ್ಗಿಸಿಕೊಂಡು ಹೋದಳು.

ನಾವು ಮೂವರೇ ಉಳಿದೆವು. ನಾನು ಶಟರು ಎಳೆದು ಲೈಟು ಹಾಕಿದೆ. ತಮ್ಮ ಫೋನು ಆರಿಸಿ ಜೇಬಿಗೆ ಹಾಕಿಕೊಂಡು, ಕವರು ಕಿತ್ತ ಒಂದು ಕುರ್ಚಿಯ ಮರದ ಚೌಕಟ್ಟಿನ ಮೇಲೆ ಹೋಗಿ ಕೂತ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನನಗೆ ಯಾಕೆ ಹೇಳಲಿಲ್ಲ, ಪೋಸ್ಟರಿನ ಮೇಲೆ ನಿಜವಾದ ಕಥೆ ಅಂತ ಬರೆಸುವಾಗಲಾದರೂ ಯಾಕೆ ತಡೆಯಲಿಲ್ಲ ಅಂತಲೂ ಅವನು ಕೇಳಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡ.

"ಅಕ್ಕ," ಅಂದ. "ಒಂದು ಕೇಳ್ತೀನಿ. ಸಿನಿಮಾದಲ್ಲಿ ಹಾಕಿಲ್ಲ ಇದನ್ನ. ಯಾರಿಗೂ ಹೇಳಿಲ್ಲ, ನನ್ನ ಹತ್ರಾನೇ ಇರ್ಲಿ ಅಂತ. ನನಗೆ ಸಿಕ್ಕಾಪಟ್ಟೆ ಜ್ವರ. ಅಪ್ಪ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಓಡ್ತಿದ್ದಾನೆ. ಬಿಸಿಲು. ಬೆವರಿಗೆ ನನ್ನ ಕೆನ್ನೆ ಬೆನ್ನಿಗೆ ಅಂಟ್ಕೊಂಡಿದೆ. ಒಂದೇ ಕಾಲಲ್ಲಿ ಚಪ್ಪಲಿ ಇದೆ, ಒಂದು ಹೆಜ್ಜೆ ಸದ್ದಾಗುತ್ತೆ, ಇನ್ನೊಂದು ಆಗಲ್ಲ. ಮುಖ ಕಾಣ್ಸಲ್ಲ. ಇದನ್ನ ನನಗೆ ನೀವಿಬ್ರೂ ಹೇಳಿದ್ದಲ್ಲ. ನನಗೇ ನೆನಪಿರೋದು. ಇದಾದ್ರೂ ನಿಜ ತಾನೆ?"

ಅವತ್ತು ಅಪ್ಪನಿಗೆ ರಜೆ. ಮನೆಯಲ್ಲೇ ಮಲಗಿದ್ದ. ಅಮ್ಮ ಕೆಲಸಕ್ಕೆ ಹೋಗಿದ್ದಳು. ಅವನನ್ನು ಎಬ್ಬಿಸುವ ಧೈರ್ಯ ನನಗಿರಲಿಲ್ಲ. ತಮ್ಮನ ಕಣ್ಣು ಮೇಲೆ ಹೋಗುತ್ತಿತ್ತು, ಎತ್ತಿ ಬೆನ್ನಿಗೆ ಹಾಕಿಕೊಂಡು ಓಡಿದೆ. ಆಸ್ಪತ್ರೆಗೆ ನಾಲ್ಕು ಬಸ್‌ಸ್ಟಾಪು. ಎರಡನೆಯದರ ಹತ್ತಿರ ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು, ಅದನ್ನು ಅಲ್ಲೇ ಬಿಟ್ಟೆ. ಅಂಗಾಲು ಸುಟ್ಟು ಬೊಬ್ಬೆ ಎದ್ದಿತ್ತು. ನನಗೆ ಆಗ ಹನ್ನೆರಡು ವರ್ಷ.

ಹೇಳಿಬಿಡಬಹುದಿತ್ತು. ಸುಳ್ಳು ಕಂಡರೆ ಮೈ ಉರಿಯುತ್ತದೆ ಅಂತ ವಾರವೆಲ್ಲ ಕುದ್ದವಳು ನಾನೇ. ಅಮ್ಮ ಅಷ್ಟು ಜನರ ಮುಂದೆ ಹೇಳಿ ಕೂತಿದ್ದಾಳೆ, ನನ್ನದಿನ್ನು ಒಂದು ಮಾತು ಬಾಕಿ, ಅಷ್ಟೆ. ಅದು ನನ್ನ ಬೆನ್ನು ಅನ್ನುವುದು ನನಗೂ ಬೇಕಾಗಿತ್ತು, ದೇವರಾಣೆ ಬೇಕಾಗಿತ್ತು. ತಲೆಯೆತ್ತಿ ಅವನನ್ನು ನೋಡಿದೆ. ಮೂವತ್ತೆರಡು ವರ್ಷದ ಗಂಡಸು, ಮುಖ ಮಾತ್ರ ಅಂದು ಬಾಗಿಲ ಹಿಂದೆ ಕೂತು ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದ ಮಗುವಿನದೇ.

"ಹೌದು ಕಣೋ," ಅಂದೆ. "ಅದು ಅಪ್ಪನೇ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ಅಮ್ಮ ಒಮ್ಮೆ ನನ್ನ ಕಾಲಿನ ಕಡೆ ನೋಡಿದಳು, ಆಮೇಲೆ ಎದ್ದು ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. ನನ್ನ ಬಾಯೊಳಗೆ ನನ್ನ ನಾಲಿಗೆಯೇ ನನಗೆ ಹೇಸಿಗೆಯಾಗಿ ಬಿದ್ದಿತ್ತು.